‘ಶಿಕಾರಿ’: ಭಯದ ವಿನ್ಯಾಸ ಮತ್ತು ನಗರಪ್ರಜ್ಞೆ

ಕುತೂಹಲವನ್ನೇ ಆಧಾರವಾಗಿಸಿಕೊಂಡ ಕಾದಂಬರಿಗಳನ್ನು ಕನ್ನಡ ವಿಮರ್ಶೆ ಬಹುಕಾಲ ಗಂಭೀರ ಸಾಹಿತ್ಯದ ಹೊರಗೇ ಇರಿಸಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ದೊಡ್ಡ ಓದುಗವರ್ಗವನ್ನು ನಿರ್ಮಿಸಿದರೂ ಅವು ಪಠ್ಯವಾಗಲಿಲ್ಲ, ಚರ್ಚೆಯ ವಸ್ತುವೂ ಆಗಲಿಲ್ಲ. ಈ ವಿಂಗಡಣೆಯನ್ನು ಪ್ರಶ್ನಿಸುವ ಕೃತಿಯೆಂದರೆ ಯಶವಂತ ಚಿತ್ತಾಲರ ‘ಶಿಕಾರಿ’ (1979). ನಿಗೂಢತೆಯು ಇಲ್ಲಿ ರಂಜನೆಯ ಸಾಧನವಾಗಿರದೆ ಆತ್ಮಶೋಧನೆಯ ಮಾರ್ಗವಾಗಿದೆ.

ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು (ನಿಧನ 2014) ಮುಂಬಯಿಯ ಉದ್ಯಮಜಗತ್ತನ್ನು ಒಳಗಿನಿಂದ ಬಲ್ಲವರು. ಅವರ ಕಥಾನಾಯಕ ನಾಗಪ್ಪ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ಆತನನ್ನು ಹಠಾತ್ತನೆ ಅಮಾನತಿನಲ್ಲಿ ಇಡಲಾಗುತ್ತದೆ. ಆರೋಪದ ಸ್ವರೂಪ ಸ್ಪಷ್ಟವಾಗದಿರುವುದೇ ಕಾದಂಬರಿಯ ಚಾಲಕಶಕ್ತಿ. ಕಾಫ್ಕಾನ ‘ದಿ ಟ್ರಯಲ್’ (1925) ಇಲ್ಲಿ ಸಹಜವಾಗಿಯೇ ನೆನಪಾಗುತ್ತದೆ. ಆದರೆ ಕಾಫ್ಕಾನಲ್ಲಿ ಅಧಿಕಾರಕ್ಕೆ ಮುಖವಿಲ್ಲ. ‘ಶಿಕಾರಿ’ಯಲ್ಲಿ ಅದಕ್ಕೆ ಫಿರೋಜ್ ಬಂದೂಕವಾಲಾ, ಶ್ರೀನಿವಾಸ ಮೊದಲಾದ ಪರಿಚಿತ ಮುಖಗಳಿವೆ. ಭಯ ಹೆಚ್ಚುವುದು ಈ ಪರಿಚಯದಿಂದಲೇ.

ಕಾದಂಬರಿಯ ಮುಖ್ಯ ತಂತ್ರವೆಂದರೆ ದೃಷ್ಟಿಕೋನದ ನಿರ್ಬಂಧ. ಓದುಗನಿಗೆ ಕಾಣುವುದೆಲ್ಲವೂ ನಾಗಪ್ಪನ ಪ್ರಜ್ಞೆಯ ಮೂಲಕ ಹಾದುಬಂದದ್ದು. ಪತ್ತೇದಾರಿ ಕಥೆಯಲ್ಲಿ ಶೋಧಕನು ಅಪರಾಧದ ಹೊರಗಿದ್ದು ಸುಳಿವುಗಳನ್ನು ಜೋಡಿಸುತ್ತಾನೆ. ಇಲ್ಲಿ ಬೇಟೆಗೆ ಗುರಿಯಾದವನೇ ಶೋಧಕ. ಒಂದು ದೂರವಾಣಿ ಕರೆ, ಒಂದು ನಗು, ಒಂದು ಮೌನ ಎಲ್ಲವೂ ಆತನಿಗೆ ಸುಳಿವುಗಳೇ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಶಂಕೆಯ ಸೃಷ್ಟಿ ಎಂಬುದನ್ನು ನಿರ್ಣಯಿಸುವ ಹೊಣೆ ಓದುಗನದಾಗುತ್ತದೆ. ಒಳಸಂಚು ನಿಜವಾಗಿಯೂ ಇದೆ; ಆದರೆ ಅದನ್ನು ಹಿಗ್ಗಿಸುವ ಮನಸ್ಸೂ ಅಷ್ಟೇ ನಿಜ. ಈ ದ್ವಂದ್ವವನ್ನು ಕೊನೆಯವರೆಗೂ ಸಡಿಲಗೊಳಿಸದಿರುವುದು ಚಿತ್ತಾಲರ ಸಾಧನೆ. ನೆನಪುಗಳೂ ಈ ಶೋಧದಲ್ಲಿ ಸಾಕ್ಷ್ಯಗಳಾಗುತ್ತವೆ: ಹನೇಹಳ್ಳಿಯ ಬಾಲ್ಯ ಹಿಂಬಾಲಿಸಿ ಬಂದು, ವರ್ತಮಾನದ ಭಯಕ್ಕೆ ಹಳೆಯ ಬೇರುಗಳನ್ನು ತೋರಿಸುತ್ತದೆ.

ನಾಗಪ್ಪನ ಮುಂಬಯಿ ನಗರದ ಒಡಲಿನ ಖೇತವಾಡಿಯದು, ಉಪನಗರದ್ದಲ್ಲ. ಆದರೂ ಕಳವಾ, ಡೊಂಬಿವಲಿಗಳ ಕನ್ನಡ ಓದುಗರಿಗೆ ಈ ಲೋಕ ಅಪರಿಚಿತವಲ್ಲ. 1960ರ ದಶಕದಿಂದ ಠಾಣೆ-ಬೇಲಾಪುರ ಕೈಗಾರಿಕಾ ವಲಯದಲ್ಲಿ ರಾಸಾಯನಿಕ ಕಾರ್ಖಾನೆಗಳು ಬೆಳೆದವು. ಊರನ್ನು ಬಿಟ್ಟು ಬಂದವನಿಗೆ ಇಂಥಲ್ಲಿ ನೌಕರಿಯೆಂಬುದು ಕೇವಲ ಸಂಬಳವಲ್ಲ. ಮಹಾನಗರದಲ್ಲಿ ಆತನ ಗುರುತೇ ಅದು. ಆದುದರಿಂದಲೇ ಅಮಾನತಿನ ಪತ್ರ ಆತನ ಅಸ್ತಿತ್ವವನ್ನೇ ಅಲುಗಾಡಿಸುತ್ತದೆ. ಊರಿನವನೇ ಶತ್ರುವಾದಾಗ ನಗರದ ಅನಾಮಿಕತೆಯೂ ಆಸರೆಯಾಗುವುದಿಲ್ಲ.

ಈ ತಂತ್ರಕ್ಕೆ ತನ್ನದೇ ಆದ ಮಿತಿಯೂ ಉಂಟು. ಎಲ್ಲವೂ ಒಬ್ಬನ ಕಣ್ಣಿನಿಂದಲೇ ಕಾಣುವುದರಿಂದ ಉಳಿದ ಪಾತ್ರಗಳು, ವಿಶೇಷವಾಗಿ ಸ್ತ್ರೀಪಾತ್ರಗಳು, ಆತನ ಆಸೆ ಮತ್ತು ಅಂಜಿಕೆಗಳ ಛಾಯೆಯಿಂದ ಪೂರ್ತಿ ಬಿಡುಗಡೆ ಪಡೆಯುವುದಿಲ್ಲ. ಆದರೆ ಶಂಕೆಯು ಮನುಷ್ಯನ ನೋಟವನ್ನು ಹೇಗೆ ಕಿರಿದುಗೊಳಿಸುತ್ತದೆ ಎಂಬುದಕ್ಕೆ ಈ ಮಿತಿಯೇ ಒಂದು ನಿದರ್ಶನವೂ ಹೌದು.

ಬೇಟೆಗಾರ ಯಾರು, ಬೇಟೆ ಯಾವುದು? ಶೀರ್ಷಿಕೆಯೇ ಎತ್ತುವ ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ತನ್ನನ್ನು ಬೆನ್ನಟ್ಟುವವರನ್ನು ಅರಿಯಲು ಹೊರಟ ನಾಗಪ್ಪ ತನ್ನನ್ನೇ ಬೆನ್ನಟ್ಟಬೇಕಾಗುತ್ತದೆ. ಕುತೂಹಲವು ನೈತಿಕ ಜಿಜ್ಞಾಸೆಯಾಗಿ ಮಾರ್ಪಡುವ ಈ ಬಗೆಯನ್ನು ಗಮನಿಸಿದರೆ, ಜನಪ್ರಿಯ ಮತ್ತು ಗಂಭೀರ ಎಂಬ ನಮ್ಮ ರೂಢಿಯ ಗೆರೆಯನ್ನು ಮರುಪರಿಶೀಲಿಸುವುದು ಅಗತ್ಯವೆನಿಸುತ್ತದೆ.