ಆಪತ್ತಿನಲ್ಲಿ ಬರೆದು ಕಳಿಸಿದ ಸುದ್ದಿ ಯಾರ ಕೈಗೆ ಹೋಗುತ್ತದೆ?

ಕಳೆದ ಮೆಣಸಿನ ಕೊಯ್ಲಿನಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ತೋಟದಲ್ಲಿ ಆಳೊಬ್ಬ ಏಣಿಯಿಂದ ಬಿದ್ದ. ಮಸ್ಕಿ ಕಡೆಯಿಂದ ಬಂದಿದ್ದ ತಂಡ ಅದು. ತೋಟದ ಆ ಮೂಲೆಯಲ್ಲಿ ಫೋನಿನ ಮಾತು ಸರಿಯಾಗಿ ಹಿಡಿಯುವುದಿಲ್ಲ. ಜೊತೆಗಿದ್ದ ಹುಡುಗ ಮೊಬೈಲಿನಲ್ಲಿ "ಮಾಮಾ ಬಿದ್ದಾನ, ಜಲ್ದಿ ಬರ್ರಿ" ಎಂದು ಬರೆದು ಕಳಿಸಿದ. ಕಳಿಸಿದ್ದು ಯಾರಿಗೆ? ಮಸ್ಕಿಯಲ್ಲಿದ್ದ ಮೇಸ್ತ್ರಿಗೆ. ಸುದ್ದಿ ಮುನ್ನೂರು ಕಿಲೋಮೀಟರಿಗೂ ಆಚೆ ಹೋಗಿ, ಅಲ್ಲಿಂದ ತೋಟದ ಮಾಲೀಕರಿಗೆ ಫೋನಾಗಿ ತಿರುಗಿ ಬರುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು. ಆತ ಬದುಕಿದ. ಆದರೆ ಸೊಂಟದ ಮೂಳೆ ಮುರಿದು, ಇಂದಿಗೂ ಭಾರ ಎತ್ತಲಾರದವನಾಗಿದ್ದಾನೆ.

ಈ ವರ್ಷದ ಆಳುಗಳ ಮಾತುಕತೆಗಾಗಿ ನಾವು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಹೋದಾಗ ಆ ಹುಡುಗನನ್ನು ಕಂಡು ವಿಚಾರಿಸಿದೆವು. "ಸಾವ್ಕಾರ್ರ, ನಮ್ಗ ಗೊತ್ತಿದ್ದದ್ದು ಊರಿನ ನಂಬರ್ ಒಂದ. ಅಲ್ಲಿಗೇ ಹಾಕಿದ್ವಿ" ಎಂದ. ಅವನದು ತಪ್ಪೆನ್ನಲು ನಮಗೆ ಬಾಯಿ ಬರಲಿಲ್ಲ. ಬೇರೆ ನಂಬರನ್ನು ಅವನಿಗೆ ನಾವಾದರೂ ಯಾವಾಗ ಹೇಳಿಕೊಟ್ಟಿದ್ದೆವು?

ಆ ನಂಬರು 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮುಂತಾದ ಸೇವೆಗಳಿಗೆಲ್ಲ ಒಂದೇ ಬಾಗಿಲು ಇರಲೆಂಬ ಉದ್ದೇಶದಿಂದ ಏರ್ಪಟ್ಟ ಈ ವ್ಯವಸ್ಥೆ 2018ರಲ್ಲಿ ಹಿಮಾಚಲ ಪ್ರದೇಶದಲ್ಲಿ ಆರಂಭವಾಗಿ, 2019ರಲ್ಲಿ ಕರ್ನಾಟಕಕ್ಕೆ ಬಂತು. ನಮ್ಮ ರಾಜ್ಯದ ಕೇಂದ್ರ ಬೆಂಗಳೂರಿನಲ್ಲಿದೆ. ಕರೆಯೊಂದರಿಂದಲೇ ಅಲ್ಲ, ಎಸ್‌ಎಂಎಸ್, ಇಮೇಲ್, ಮೊಬೈಲಿನ ‘112 ಇಂಡಿಯಾ’ ಆ್ಯಪ್ ಇವುಗಳಿಂದಲೂ ಅದನ್ನು ಮುಟ್ಟಬಹುದು. ಬಂದ ಮೊರೆಯನ್ನು ಒಬ್ಬರು ದಾಖಲಿಸುತ್ತಾರೆ. ಇನ್ನೊಬ್ಬರು ಅದನ್ನು ಆಯಾ ಜಿಲ್ಲೆಯ ಸಮೀಪದ ವಾಹನಕ್ಕೆ ಒಪ್ಪಿಸುತ್ತಾರೆ.

ಕರೆ ಬಂದಾಗ ಕೇಂದ್ರದವರು ಕೇಳಿ ಕೇಳಿ ತಿಳಿಯುತ್ತಾರೆ. ಎಲ್ಲಿ, ಏನಾಯಿತು, ಉಸಿರಾಡುತ್ತಿದ್ದಾನೆಯೇ, ದಾರಿ ಯಾವುದು? ಹಿಂದಿನಿಂದ ಕೇಳುವ ಅಳು, ಗಲಾಟೆ ಕೂಡ ಅವರಿಗೆ ಸುಳಿವೇ. ಬರೆದು ಬಂದ ಸುದ್ದಿಯಲ್ಲಿ ಇದಾವುದೂ ಇಲ್ಲ. "ಜಲ್ದಿ ಬರ್ರಿ" ಎಂಬುದು 112ಕ್ಕೇ ಹೋಗಿದ್ದರೂ ಓದಿದವರು ಗಾಡಿಯನ್ನು ಎಲ್ಲಿಗೆ ಕಳಿಸಬೇಕಿತ್ತು? ತಿರುಗಿ ಫೋನು ಮಾಡಿಯೋ ಬರೆದೋ ಕೇಳಬೇಕು. ಮಾತು ಹಿಡಿಯದ ಜಾಗದಲ್ಲಿ ಫೋನು ಹೋಗದು. ಟವರಿನಿಂದ ಸಿಗುವ ಅಂದಾಜೂ ನಮ್ಮ ಮಲೆನಾಡಿನಲ್ಲಿ ಸಾಲದು. ಒಂದು ಟವರಿನ ಕೆಳಗೆ ಎಷ್ಟೋ ತೋಟಗಳು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70 ಸ್ಥಾನ ಮಾತ್ರ. ಅದರಲ್ಲೂ ಕೊಂಬು, ದೀರ್ಘ, ಒತ್ತಕ್ಷರಗಳು ಬೇರೆಬೇರೆ ಸ್ಥಾನ ತಿನ್ನುತ್ತವೆ. ಉದ್ದವಾದರೆ ತುಂಡಾಗಿ ಹೋಗುತ್ತದೆ. ಒಂದು ತುಂಡು ಹಿಂದೆ ಬಿದ್ದರೆ ಓದುವವರಿಗೆ ಅರ್ಧ ಸುದ್ದಿ. ಎಸ್‌ಎಂಎಸ್ ಸಣ್ಣ ಸಿಗ್ನಲಿನಲ್ಲೂ ನುಸುಳಿಕೊಂಡು ಹೋಗುವುದು ನಿಜ. ಹೋಗದಿದ್ದರೆ ನಡುದಾರಿಯಲ್ಲಿ ಕಾದು ಕುಳಿತಿರುವುದೂ ನಿಜ.

ಹೀಗಾಗಿ ಮೊದಲು ಬರೆಯಬೇಕಾದದ್ದು ಜಾಗ. ಇದು ಹೇಳಿದಷ್ಟು ಸುಲಭವಲ್ಲ ಎಂಬುದನ್ನು ಆ ಪ್ರವಾಸದಲ್ಲೇ ಕಂಡೆವು. ಸಿಂಧನೂರು ತಾಲ್ಲೂಕಿನಲ್ಲಿ ‘ಕ್ಯಾಂಪಿನಲ್ಲಿದ್ದೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಸುತ್ತ ಎಷ್ಟೊಂದು ಕ್ಯಾಂಪುಗಳು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳೇ ನಂಬರು ಹಾಕಿಕೊಂಡು ಹಲವಿವೆ. ಲಿಂಗಸುಗೂರಿನ ಕಡೆ ತಾಂಡಾ, ದೊಡ್ಡಿಗಳದೂ ಇದೇ ಕಥೆ. ಮಸ್ಕಿ ಈಗ ಪ್ರತ್ಯೇಕ ತಾಲ್ಲೂಕು. ಆದರೂ ಹಳಬರು ರೂಢಿಯಿಂದ ಲಿಂಗಸುಗೂರು ತಾಲ್ಲೂಕೆಂದೇ ಹೇಳುತ್ತಾರೆ. ನಮ್ಮಲ್ಲಿ ‘ಗೌಡರ ತೋಟ’ ಎಂದರೂ ಅಷ್ಟೇ ಅಲ್ಲವೇ?

ಮಸ್ಕಿಗೆ ಹೋದವರು ಅಶೋಕನ ಶಾಸನ ನೋಡದೆ ಬರಬಾರದೆಂದು ಗುಡ್ಡ ಹತ್ತಿದೆವು. 1915ರಲ್ಲಿ ಬೀಡನ್ ಎಂಬ ಎಂಜಿನಿಯರರು ಕಂಡ ಶಾಸನವಿದು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ಬರೆಸಿದವನು ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದಲೇ ಕಾಣುತ್ತಿದ್ದ. ಇಲ್ಲಿ ಅಶೋಕ ಎಂಬ ಹೆಸರೇ ಇದೆ. ಕಳಿಸಿದವನ ಹೆಸರಿಲ್ಲದ ಸಂದೇಶದಿಂದ ವಿದ್ವಾಂಸರು ಪಟ್ಟ ಪಾಡು ನೆನೆದು ನಗು ಬಂತು.

ಹೊರದೇಶಗಳಲ್ಲೂ ಈ ತೊಡಕು ಇದ್ದೇ ಇದೆ. ಅಮೆರಿಕದ ತುರ್ತು ನಂಬರಾದ 911ಕ್ಕೆ ಬರೆದು ಕಳಿಸುವ ಏರ್ಪಾಡು 2009ರಲ್ಲಿ ಅಯೋವಾ ರಾಜ್ಯದ ಬ್ಲ್ಯಾಕ್ ಹಾಕ್ ಕೌಂಟಿಯಲ್ಲಿ ಮೊದಲಾಯಿತು. ಈ ಸೇವೆ ಇಲ್ಲದ ಊರಿನಿಂದ ಬರೆದರೆ ‘ತಲಪಲಿಲ್ಲ, ಕರೆ ಮಾಡಿ’ ಎಂಬ ಉತ್ತರವನ್ನು ಫೋನ್ ಕಂಪನಿ ತಾನಾಗಿಯೇ ಕಳಿಸಬೇಕೆಂಬ ನಿಯಮ ಅಲ್ಲಿದೆ. ನಮಗೆ ಬಹಳ ಮೆಚ್ಚುಗೆಯಾದ ನಿಯಮವಿದು. ಬ್ರಿಟನ್ನಿನಲ್ಲಿ ಕಿವಿ ಕೇಳದವರು, ಮಾತು ಬಾರದವರು ಮೊದಲೇ ತಮ್ಮ ನಂಬರು ನೋಂದಾಯಿಸಿಕೊಂಡು 999ಕ್ಕೆ ಬರೆಯುತ್ತಾರೆ. ಮರುತ್ತರ ಬರುವವರೆಗೆ ಸುದ್ದಿ ಮುಟ್ಟಿತೆಂದು ಭಾವಿಸಬೇಡಿ ಎಂದು ಅವರಿಗೆ ಎಚ್ಚರಿಕೆ ಕೊಟ್ಟಿರುತ್ತದೆ. ಎರಡೂ ಕಡೆ ಮಾತಾಡಲು ಆಗುವುದಾದರೆ ಕರೆಯೇ ಮೇಲು ಎನ್ನುತ್ತಾರೆ.

ನಮ್ಮಲ್ಲೂ ಮೊದಲು ಕರೆಯನ್ನೇ ಪ್ರಯತ್ನಿಸಬೇಕು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರಿನಿಂದ 112ರ ಕರೆ ಹೋಗಬಹುದು. ಎಸ್‌ಎಂಎಸ್‌ಗೆ ಆ ಅನುಕೂಲವಿಲ್ಲ. 2017ರಿಂದ ಮಾರಾಟಕ್ಕೆ ಬರುವ ಮೊಬೈಲುಗಳಲ್ಲಿ ಆಪತ್ತಿನ ಗುಂಡಿ ಇರಬೇಕೆಂಬ ಸರ್ಕಾರದ ಕಟ್ಟಳೆಯಿದೆ. ಗುಂಡಿ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಬೇಕು. ವಾಟ್ಸಾಪ್ ಗುಂಪಿಗೆ ಹಾಕಿ ‘ತಿಳಿಸಿದ್ದೇವೆ’ ಎಂದು ಕೂರುವ ಅಭ್ಯಾಸ ನಮ್ಮ ಸದಸ್ಯರಲ್ಲೂ ಇದೆ. ಗುಂಪಿನವರೆಲ್ಲ ಕೈಮುಗಿದ ಚಿತ್ರ ಕಳಿಸುತ್ತಾರೆ, ಗಾಡಿ ಬರುವುದಿಲ್ಲ. ಬರೆಯಲೇಬೇಕಾದರೆ ತೋಟದ ಹೆಸರು, ಗ್ರಾಮ, ತಾಲ್ಲೂಕು, ಆದದ್ದೇನು, ಎಷ್ಟು ಜನಕ್ಕೆ, ಇಷ್ಟೇ ಸಾಕು. ಉತ್ತರ ಬಾರದಿದ್ದರೆ ಒಬ್ಬರನ್ನು ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿಸಿ. ಪರೀಕ್ಷೆಗೆಂದು ಮಾತ್ರ 112ಕ್ಕೆ ಯಾರೂ ಬರೆಯಬಾರದು.

ಮುಂದಿನ ಕೊಯ್ಲಿಗೆ ಮೊದಲು ಪ್ರತಿ ಲೈನಿನ ಗೋಡೆಗೂ ಒಂದು ತಗಡಿನ ಬೋರ್ಡು ಹಾಕಿಸಲು ಸಂಘ ನಿರ್ಧರಿಸಿದೆ. 112, ತೋಟದ ಪೂರ್ಣ ಹೆಸರು, ಗ್ರಾಮ, ತಾಲ್ಲೂಕು, ಗಾಡಿ ಬರುವ ಗೇಟಿನ ಗುರುತು, ಇವಿಷ್ಟು ದಪ್ಪಕ್ಷರದಲ್ಲಿ ಇರುತ್ತವೆ. ಖರ್ಚು ಸಂಘದ್ದು. ವಿವರಗಳನ್ನು ಸದಸ್ಯರು ಒಂದು ಕಾಗದದಲ್ಲಿ ಬರೆದು ಗೊಬ್ಬರ ಒಯ್ಯಲು ಬಂದಾಗ ಕಚೇರಿಯಲ್ಲಿ ಕೊಡಬೇಕು. ಗೇಟಿನ ಗುರುತಾಗಿ ‘ಹಲಸಿನ ಮರದ ಹತ್ತಿರ’ ಎಂದು ಮೂವರು ಈಗಾಗಲೇ ಬರೆದುಕೊಟ್ಟಿದ್ದಾರೆ. ಅವರು ದಯವಿಟ್ಟು ಇನ್ನೊಮ್ಮೆ ಬರೆದುಕೊಡುವುದು.