ಪರಿಹಾರಾತ್ಮಕ ಅರಣ್ಯೀಕರಣ ಮತ್ತು ಗ್ರಾಮದ ಗೋಮಾಳ

ರಸ್ತೆ, ಗಣಿ, ಜಲಾಶಯ ಮುಂತಾದ ಕಾಮಗಾರಿಗಳಿಗೆ ಅರಣ್ಯ ಭೂಮಿಯನ್ನು ಬಳಸಬೇಕಾದಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ವಯ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಅವಶ್ಯ. ಅನುಮೋದನೆ ಪಡೆಯುವ ಸಂಸ್ಥೆಯು ಅರಣ್ಯದಿಂದ ದೊರೆಯುತ್ತಿದ್ದ ಪ್ರಯೋಜನಗಳ ನಿವ್ವಳ ಪ್ರಸ್ತುತ ಮೌಲ್ಯವನ್ನು ಪಾವತಿಸಬೇಕು. ಬೇರೆಡೆ ಅರಣ್ಯ ಬೆಳೆಸುವ ವೆಚ್ಚವನ್ನೂ ಭರಿಸಬೇಕು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಡಿ ಈ ಹಣದ ಶೇ. 90ರಷ್ಟು ರಾಜ್ಯ ನಿಧಿಗೂ ಶೇ. 10ರಷ್ಟು ರಾಷ್ಟ್ರೀಯ ನಿಧಿಗೂ ಸೇರುತ್ತದೆ.

ಹಣದ ಲೆಕ್ಕ ಇಲಾಖೆಗಳಿಗೆ ಸೇರಿದ್ದು. ಗ್ರಾಮ ಪಂಚಾಯತಿಗೆ ಸಂಬಂಧಿಸಿದ್ದು ಭೂಮಿಯ ಪ್ರಶ್ನೆ. ಕಳೆದುಹೋಗುವ ಅರಣ್ಯದಷ್ಟೇ ವಿಸ್ತೀರ್ಣದ ಅರಣ್ಯೇತರ ಭೂಮಿಯನ್ನು ಒದಗಿಸುವುದು ಸಾಮಾನ್ಯ ನಿಯಮ. ಅಂತಹ ಭೂಮಿಯನ್ನು ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಕಂದಾಯ ದಾಖಲೆಯಲ್ಲಿನ ಸರ್ಕಾರಿ ಜಮೀನು; ಗೋಮಾಳವೂ ಅದರಲ್ಲಿ ಸೇರಿರಬಹುದು. ಮರ ಬೀಳುವುದು ಬೇರೊಂದು ತಾಲ್ಲೂಕಿನಲ್ಲಾದರೂ ಅದಕ್ಕೆ ಬದಲಾಗಿ ಹೋಗುವ ಸರ್ವೆ ನಂಬರ್ ಈ ಗ್ರಾಮದ್ದೇ ಆಗಬಹುದು.

ಹೀಗೆ ಗುರುತಿಸಿದ ಭೂಮಿ ಅರಣ್ಯ ಇಲಾಖೆಗೆ ಹಸ್ತಾಂತರಗೊಂಡು ಅರಣ್ಯವೆಂದು ಅಧಿಸೂಚಿತವಾಗುತ್ತದೆ. ಅನಂತರ ಅಲ್ಲಿ ಸ್ಮಶಾನಕ್ಕೋ ಘನತ್ಯಾಜ್ಯ ಘಟಕಕ್ಕೋ ಜಾಗ ಬೇಕಾದರೆ ಪಂಚಾಯತಿಯೂ ಅರಣ್ಯ ಕಾಯ್ದೆಯ ಅನುಮೋದನೆಗೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ.

ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ನಿಯಮ 97ರಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳವಿರುವುದು ಸಾಮಾನ್ಯ ಪ್ರಮಾಣ. ಉದಾಹರಣೆಗೆ, 450 ಜಾನುವಾರುಗಳಿರುವ ಗ್ರಾಮಕ್ಕೆ 54 ಹೆಕ್ಟೇರ್ ಬೇಕು. ಇರುವುದೇ 60 ಹೆಕ್ಟೇರ್ ಆಗಿದ್ದು, 20 ಹೆಕ್ಟೇರ್ ಅರಣ್ಯೀಕರಣಕ್ಕೆ ಹೋದರೆ 14 ಹೆಕ್ಟೇರ್ ಕೊರತೆ ಬೀಳುತ್ತದೆ. ಕಲ್ಲು, ಕುರುಚಲು ಗಿಡ ತುಂಬಿದ ಗೋಮಾಳವನ್ನು ‘ಪಾಳು’ ಎಂದು ಟಿಪ್ಪಣಿಯಲ್ಲಿ ಬರೆಯುವುದು ಸುಲಭ. ಮಳೆ ಬಿದ್ದ ಮೇಲೆ ಅಲ್ಲಿ ಏಳುವ ಹುಲ್ಲನ್ನು ನಂಬಿದ ಕುರಿಗಾಹಿ ಆ ಟಿಪ್ಪಣಿಯನ್ನು ಓದಿರುವುದಿಲ್ಲ.

ಹುಲ್ಲುಗಾವಲಿನಲ್ಲಿ ಸಸಿ ನೆಟ್ಟ ಮಾತ್ರಕ್ಕೆ ನಿಸರ್ಗದ ನಷ್ಟ ತುಂಬುವುದೂ ಇಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಇದಕ್ಕೆ ನಿದರ್ಶನ. ಕೃಷ್ಣಮೃಗ ಮತ್ತು ಎರೆಭೂತ ಪಕ್ಷಿಗೆ ಹೆಸರಾಗಿದ್ದ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು. ದಾಖಲೆಯ ದೃಷ್ಟಿಯಲ್ಲಿ ಹಸಿರು ಹೆಚ್ಚಿತು. ತೆರೆದ ಬಯಲನ್ನೇ ಬಯಸುವ ಎರೆಭೂತ ಈಗ ಅಲ್ಲಿ ಕಾಣಸಿಗುವುದಿಲ್ಲ. ನೂರಾರು ವರ್ಷಗಳ ಕಾಡಿನಲ್ಲಿದ್ದ ತೊರೆ, ಜೇನು, ಔಷಧಿ ಗಿಡಗಳು ಒಂದೇ ಜಾತಿಯ ನೆಡುತೋಪಿನಲ್ಲಿ ಮರಳಿ ಬರುತ್ತವೆಂದು ನಿರೀಕ್ಷಿಸುವಂತೆಯೂ ಇಲ್ಲ.

ಆದ್ದರಿಂದ ಅಭಿಪ್ರಾಯ ಕೋರಿದ ಪತ್ರ ಬಂದಲ್ಲಿ ‘ಆಕ್ಷೇಪಣೆ ಇಲ್ಲ’ ಎಂಬ ಸಿದ್ಧ ಠರಾವಿಗೆ ಸಹಿ ಮಾಡುವ ಮುನ್ನ ಸದಸ್ಯರು ಪಹಣಿ ಹಾಗೂ ಗ್ರಾಮ ನಕಾಶೆಯನ್ನು ತರಿಸಿಕೊಂಡು, ಜಂಟಿ ಸ್ಥಳ ತನಿಖೆಯ ದಿನ ಸ್ಥಳದಲ್ಲಿರುವುದು ಸೂಕ್ತ. ಪಶು ಆಸ್ಪತ್ರೆಯಿಂದ ಜಾನುವಾರುಗಳ ಸಂಖ್ಯೆ ಪಡೆದು ಮೇಲಿನ ಲೆಕ್ಕವನ್ನು ಠರಾವಿನಲ್ಲಿಯೇ ನಮೂದಿಸಬಹುದು. 2018ರ ನಿಧಿ ನಿಯಮಗಳು ಕಾಮಗಾರಿ ಯೋಜನೆಗೆ ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯೊಂದಿಗಿನ ಸಮಾಲೋಚನೆಯನ್ನು ಹೇಳಿರುವುದರಿಂದ ಯಾವ ಜಾತಿಯ ಸಸಿ, ಎಲ್ಲಿ ಬೇಲಿ, ಯಾವ ದಾರಿ ತೆರೆದಿರಬೇಕು ಎಂಬುದನ್ನು ಅಲ್ಲಿಯೇ ಕೇಳಬೇಕು.

ಮೀಸಲು ಅರಣ್ಯವೆಂದು ಘೋಷಿಸುವ ಪ್ರಕ್ರಿಯೆ ಆರಂಭವಾದರೆ, ಕರ್ನಾಟಕ ಅರಣ್ಯ ಕಾಯ್ದೆ, 1963ರ ಕಲಂ 4ರ ಅಧಿಸೂಚನೆಯ ನಂತರ ಅರಣ್ಯ ವ್ಯವಸ್ಥಾಪನಾಧಿಕಾರಿಯು ಹಕ್ಕುಗಳ ಬಗ್ಗೆ ಅರ್ಜಿ ಆಹ್ವಾನಿಸುತ್ತಾರೆ. ಮೇವು, ಕಾಲುದಾರಿ, ನೀರಿನ ಹಕ್ಕುಗಳನ್ನು ಲಿಖಿತವಾಗಿ ಸಲ್ಲಿಸಬೇಕಾದುದು ಆ ಹಂತದಲ್ಲಿ. ಕಲಂ 17ರ ಅಂತಿಮ ಅಧಿಸೂಚನೆ ಹೊರಡುವವರೆಗೂ ಕೋರದೆ ಬಿಟ್ಟ ಹಕ್ಕು ಸಾಮಾನ್ಯವಾಗಿ ಅಲ್ಲಿಗೆ ಮುಗಿದಂತೆ.