ಮನೆಯಂಗಳದಲ್ಲಿ ಮಲ್ಲಿಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಮಲ್ಲಿಗೆ ಕೃಷಿಯ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಪರಸ್ಪರ ಮುಖ ನೋಡಿಕೊಂಡರು. ಶಾಲೆಯ ಇತಿಹಾಸವನ್ನೂ ಗಡಿನಾಡ ಕನ್ನಡದ ಸ್ಥಿತಿಗತಿಯನ್ನೂ ಬರೆಯಲು ನನಗಿಂತ ಸಮರ್ಥರು ಇದ್ದಾರೆ. ಆದರೆ ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ, ಕೊಡೆ, ಸಮವಸ್ತ್ರಗಳ ಖರ್ಚನ್ನು ಹೊತ್ತದ್ದು ಅಂಗಳದ ಬದಿಯ ಹತ್ತಿಪ್ಪತ್ತು ಮಲ್ಲಿಗೆ ಗಿಡಗಳೆಂಬುದನ್ನು ಯಾರೂ ಬರೆಯಲಾರರೆಂಬ ಸಂಶಯ ನನಗಿತ್ತು.

ಇದನ್ನು ನಾನು ತಿಳಿದುಕೊಂಡ ಬಗೆ ಅಷ್ಟು ಹೆಮ್ಮೆಯದ್ದಲ್ಲ. 1982ರಲ್ಲಿ ನನ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಮೊದಲ ಪಾಠದ ಅರ್ಧ ಕಳೆದ ಮೇಲೆ ಬರುತ್ತಿದ್ದಳು. ಒಂದು ವಾರ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದಳೇ ಹೊರತು ಮಾತಾಡುತ್ತಿರಲಿಲ್ಲ. ಕೊನೆಗೆ ಅವಳ ಪಕ್ಕದ ಹುಡುಗಿ, “ಮಾಸ್ಟ್ರೇ, ಅವಳಿಗೆ ಹೂ ಕೊಯ್ದು ಮುಗಿಯಬೇಕಲ್ಲ” ಎಂದಳು. ತಂದೆಯಿಲ್ಲದ ಮನೆ. ನಸುಕಿನಲ್ಲಿ ಎದ್ದು ತಾಯಿಯೊಡನೆ ಮೊಗ್ಗು ಕೊಯ್ದು, ಕಟ್ಟಿ, ಬಸ್ಸಿಗೆ ಮುಟ್ಟಿಸಿ, ಮತ್ತೆ ಎರಡು ಮೈಲು ನಡೆದು ಅವಳು ಶಾಲೆಗೆ ಬರುತ್ತಿದ್ದಳು. ಮರುದಿನದಿಂದ ಹೊರಗೆ ನಿಲ್ಲಿಸಲಿಲ್ಲ. ತಪ್ಪಾಯಿತೆಂದು ವಿದ್ಯಾರ್ಥಿನಿಯೊಡನೆ ಹೇಳುವ ಅಭ್ಯಾಸ ಅಂದಿನ ಮಾಸ್ತರರಿಗೆ ಇರಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವಳೇ ಬಾಳೆ ಎಲೆಯಲ್ಲಿ ಸುತ್ತಿದ ನಾಲ್ಕು ಗೆಲ್ಲುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ನನ್ನ ಮಲ್ಲಿಗೆ ಕೃಷಿಯ ಆರಂಭ ಅದು.

ನಾವು ಬೆಳೆಸುವ ಈ ಮಲ್ಲಿಗೆಗೆ ಸಸ್ಯಶಾಸ್ತ್ರದಲ್ಲಿ ಜಾಸ್ಮಿನಮ್ ಸಂಬಕ್ ಎಂದು ಹೆಸರು. ಪಾರಿಜಾತವೂ ಆಲಿವ್ ಮರವೂ ಇದೇ ಕುಟುಂಬಕ್ಕೆ ಸೇರಿದವು. ಪೇಟೆಯಲ್ಲಿ ಇದನ್ನು ಉಡುಪಿ ಮಲ್ಲಿಗೆ ಎಂದೋ, ಕಾಪು ಸಮೀಪದ ಶಂಕರಪುರದ ಹೆಸರಿನಿಂದ ಶಂಕರಪುರ ಮಲ್ಲಿಗೆ ಎಂದೋ ಕರೆಯುತ್ತಾರೆ. ಮೈಸೂರು ಮತ್ತು ಹಡಗಲಿ ಮಲ್ಲಿಗೆಗಳಂತೆ ಉಡುಪಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಗಿಡ ಕೊಳ್ಳುವಾಗ ಹೆಸರಿಗಿಂತ ಮೊಗ್ಗನ್ನು ನೋಡುವುದು ಕ್ಷೇಮ. ಒಮ್ಮೆ ಒಂದು ನರ್ಸರಿಯವರು ಇದೇ ಎಂದು ಕೊಟ್ಟ ಆರು ಗಿಡಗಳು ಎರಡು ವರ್ಷದ ಮೇಲೆ ಗುಂಡುಮಲ್ಲಿಗೆಯ ಹೂ ಬಿಟ್ಟವು. ಪರಿಮಳಕ್ಕೆ ಕೊರತೆಯಿರಲಿಲ್ಲ, ಆದರೆ ಕಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ.

ಸ್ಥಳದ ಆಯ್ಕೆಯಲ್ಲಿ ಎರಡೇ ಮಾತು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಬುಡದಲ್ಲಿ ನೀರು ನಿಲ್ಲಬಾರದು. ತೆಂಗಿನ ನೆರಳಿನಲ್ಲಿ ನೆಟ್ಟರೆ ಸೊಂಪಾದ ಎಲೆ ಬರುತ್ತದೆ, ಹೂ ಬರುವುದಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯುವುದೇ ಒಂದು ದಿನದ ಕೆಲಸ. ಅದಕ್ಕೆ ಮೇಲ್ಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಸುಡುಮಣ್ಣನ್ನು ಬೆರೆಸಿ ತುಂಬಬೇಕು. ಗಿಡದಿಂದ ಗಿಡಕ್ಕೆ ಐದಡಿ ಅಂತರವಿರಲಿ. ಬೆಳೆದ ಮೇಲೆ ನಡುವೆ ಕುಳಿತು ಕೊಯ್ಯುವವರಿಗೆ ಸೊಂಟ ತಿರುಗಿಸಲು ಜಾಗ ಬೇಕು.

ಗೆಲ್ಲು ಊರಲು ಮಳೆಗಾಲವೇ ಸರಿ. ತೀರಾ ಎಳೆಯದೂ ಅಲ್ಲದ, ಮರಗಟ್ಟಿದ್ದೂ ಅಲ್ಲದ, ಪೆನ್ಸಿಲಿನ ದಪ್ಪದ ಗೆಲ್ಲನ್ನು ಮೂರು ಗಂಟುಗಳಿರುವಂತೆ ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗಂಟು ಮುಚ್ಚುವಷ್ಟು ಊರಿ ನೆರಳಿನಲ್ಲಿಟ್ಟರೆ ಒಂದೂವರೆ–ಎರಡು ತಿಂಗಳಲ್ಲಿ ಬೇರು ಹಿಡಿಯುತ್ತದೆ. ಬೇರು ಬಂದಿದೆಯೇ ಎಂದು ಎಳೆದು ನೋಡುವ ಚಪಲವನ್ನು ಮಾತ್ರ ತಡೆದುಕೊಳ್ಳಬೇಕು.

ಆ ಹುಡುಗಿ ಕೊಟ್ಟ ನಾಲ್ಕು ಗೆಲ್ಲುಗಳಲ್ಲಿ ಮೂರು ಚಿಗುರಿದವು. ಮೂರನ್ನೂ ನಾನು ಕೊಂದೆ. ಪ್ರೀತಿ ಹೆಚ್ಚಾಗಿ ಹಸಿ ಸೆಗಣಿಯನ್ನು ಬುಡಕ್ಕೇ ರಾಶಿ ಹಾಕಿ, ತೆಂಗಿಗೆ ಮಾಡುವಂತೆ ಸುತ್ತಲೂ ಕಟ್ಟೆ ಕಟ್ಟಿದೆ. ಆಷಾಢದ ಮಳೆಗೆ ಆ ಕಟ್ಟೆ ಕೆರೆಯಾಯಿತು. ಎಲೆ ಹಳದಿಯಾಗಿ, ಗಿಡ ಒಮ್ಮೆಲೇ ಬಾಡಿತು. ಕಿತ್ತು ನೋಡಿದರೆ ಬೇರಿನ ತೊಗಟೆ ಕೊಳೆತು ಕೈಗೆ ಬರುತ್ತಿತ್ತು. ಬೇಸಿಗೆಗೆ ಬುಡ ತಗ್ಗಾಗಿದ್ದರೆ ನೀರಿಗೆ ಅನುಕೂಲ. ಮಳೆಗಾಲಕ್ಕೆ ಮೊದಲು, ಪತ್ತನಾಜೆಯ ಹೊತ್ತಿಗೆ, ಮಣ್ಣು ಏರಿಸಿ ಬುಡವನ್ನು ದಿಬ್ಬ ಮಾಡಿ ಚರಂಡಿ ಬಿಡಿಸಬೇಕು. ಇಷ್ಟು ಮಾಡಿದರೆ ನಮ್ಮ ಕಡೆ ಸಾಯುವ ಗಿಡಗಳಲ್ಲಿ ಮುಕ್ಕಾಲು ಪಾಲು ಉಳಿದಾವು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಸವರುವಿಕೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಸಾಮಾನ್ಯವಾಗಿ ಮೂರು ಮೂರು ಮೊಗ್ಗುಗಳ ಗೊಂಚಲಾಗಿ. ಹಳೆಯ ಗೆಲ್ಲನ್ನು ಹಾಗೆಯೇ ಬಿಟ್ಟರೆ ಹೊಸ ಚಿಗುರು ಕಡಿಮೆ, ಚಿಗುರಿಲ್ಲದಿದ್ದರೆ ಹೂವಿಲ್ಲ. ಗಿಡ ದೊಡ್ಡದಾದಷ್ಟೂ ಹೂ ಹೆಚ್ಚೆಂದು ತಿಳಿದು ಕತ್ತರಿ ಮುಟ್ಟಿಸದವರು ನಮ್ಮಲ್ಲಿ ಬಹಳ ಮಂದಿ. ನನ್ನ ಮನೆಯವಳೂ ಮೊದಲ ವರ್ಷ ನಾನು ಸವರಿದ್ದನ್ನು ಕಂಡು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತುಲಾಮಳೆ ಹಿಂದೆ ಸರಿದ ಮೇಲೆ, ನವಂಬರದಲ್ಲಿ, ಮೂರು ವರ್ಷ ದಾಟಿದ ಗಿಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರುತ್ತೇನೆ. ಒಣಗಿದ, ರೋಗ ತಗಲಿದ, ಒಳಗೊಳಗೆ ಹೆಣೆದುಕೊಂಡ ಗೆಲ್ಲುಗಳನ್ನು ಬುಡದಿಂದಲೇ ತೆಗೆದು, ಎಲೆಗಳನ್ನೂ ಉದುರಿಸುತ್ತೇನೆ. ಹತ್ತು–ಹನ್ನೆರಡು ದಿನ ನೀರು ಕೊಡದೆ, ಅನಂತರ ಬುಡ ಬಿಡಿಸಿ ಗೊಬ್ಬರ ಹಾಕಿ ನೀರುಣಿಸಿದರೆ ಮೈತುಂಬ ಚಿಗುರು. ಜನವರಿ ಕಳೆಯುವಷ್ಟರಲ್ಲಿ ಮೊಗ್ಗು ಕಾಣಿಸುತ್ತದೆ. ಮೇ ತನಕ ಸುಗ್ಗಿ. ಒಂದು ಸರದಿಯ ಹೂ ಮುಗಿದ ಚಿಗುರಿನ ತುದಿಯನ್ನು ಚಿವುಟುತ್ತಿದ್ದರೆ ಮತ್ತೆ ಕವಲೊಡೆಯುತ್ತದೆ. ಹೀಗೆ ನೋಡಿಕೊಂಡ ಗಿಡ ಹತ್ತು ಹನ್ನೆರಡು ವರ್ಷ ಚೆನ್ನಾಗಿ ಹೂ ಕೊಡುತ್ತದೆ.

ಗೊಬ್ಬರದ ಬಗ್ಗೆ ಒಬ್ಬೊಬ್ಬರದು ಒಂದೊಂದು ವಾದ. ನೆಲಗಡಲೆ ಹಿಂಡಿಯನ್ನು ಸೆಗಣಿ ನೀರಿನಲ್ಲಿ ಮೂರು ದಿನ ಕೊಳೆಸಿ, ಹತ್ತುಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡದಿಂದ ಒಂದಡಿ ದೂರಕ್ಕೆ ಹೊಯ್ಯುವುದು ನನಗೆ ಒಗ್ಗಿದ ಕ್ರಮ. ವಾಸನೆಯ ಬಗ್ಗೆ ನೆರೆಯವರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ನಮ್ಮ ಮಣ್ಣು ಹುಳಿಯಾದ್ದರಿಂದ ವರ್ಷಕ್ಕೊಮ್ಮೆ ಒಂದು ಹಿಡಿ ಸುಣ್ಣವನ್ನೂ ಕೊಡಬೇಕು.

ಕೀಟ ಮತ್ತು ರೋಗಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಮೊಗ್ಗು ಕೊರೆಯುವ ಹುಳ. ತೂತು ಬಿದ್ದು ನೇರಳೆ ಬಣ್ಣಕ್ಕೆ ತಿರುಗಿದ ಮೊಗ್ಗುಗಳನ್ನು ದಿನವೂ ಆರಿಸಿ ಸುಟ್ಟುಬಿಡಬೇಕು. ಗಿಡದಡಿಯಲ್ಲಿ ಬಿಸಾಡಿದರೆ ಹುಳಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ. ಬೇವಿನೆಣ್ಣೆಗೆ ಸ್ವಲ್ಪ ಸಾಬೂನು ಕದಡಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಪೇಟೆಯ ಘಾಟು ವಿಷಗಳನ್ನು ತಂದು ಹೊಡೆಯುವವರಿಗೆ ಒಂದು ಮಾತು ಹೇಳಬೇಕಾಗಿದೆ. ಈ ಜಿಲ್ಲೆಯ ಗೇರು ತೋಪುಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೆಯ ಇಸವಿಯ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡವರು ನಾವು. ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆದದ್ದು 2011ರಲ್ಲಿ. ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿ ಬಂದವರಾರೂ, ಮಗಳ ಜಡೆಗೇರುವ ಮೊಗ್ಗಿಗೆ ಕೀಟನಾಶಕ ಹೊಡೆಯಲಾರರು.

ಮಳೆಗಾಲದ ಎಲೆಚುಕ್ಕೆ ರೋಗಕ್ಕೆ ಅಡಿಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೋ ದ್ರಾವಣವೇ ಸಾಕು. ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತು, ನೂರು ಗ್ರಾಂ ಸುಣ್ಣ. ಎರಡನ್ನೂ ಐದೈದು ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಮುಗಿಸಬೇಕು.

ಕೊಯ್ಲು ಸೂರ್ಯೋದಯಕ್ಕೆ ಮೊದಲೇ ಆರಂಭವಾಗಬೇಕು. ಪೂರ್ತಿ ಬಲಿತು ಬೆಳ್ಳಗಾದ, ಆದರೆ ಬಿರಿಯದ ಮೊಗ್ಗು ಸಂಜೆಗೆ ಅರಳುತ್ತದೆ. ಹಸಿರು ಛಾಯೆಯದ್ದನ್ನು ಕೊಯ್ದರೆ ಅರಳುವುದೇ ಇಲ್ಲ. ಬಿಟ್ಟ ಮೊಗ್ಗು ರಾತ್ರಿ ಗಿಡದಲ್ಲೇ ಅರಳಿ ಬೆಳಿಗ್ಗೆ ಬೆಲೆಯಿಲ್ಲದ್ದಾಗುತ್ತದೆ. ಬಾಳೆನಾರನ್ನು ಹಿಂದಿನ ದಿನವೇ ಸೀಳಿ, ನೆನೆಸಿ ಇಟ್ಟುಕೊಳ್ಳಬೇಕು. 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಸಲ ಬೆರಳು ಬಾಗಬೇಕು. ಬೆಲೆ ದಿನದಿನವೂ ಬೇರೆ. ಮದುವೆ, ಕೋಲಗಳ ದಿನಗಳಲ್ಲಿ ಹೂ ಕಡಿಮೆಯಿದ್ದರೆ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟಿದ್ದುಂಟು. ಸುಗ್ಗಿಯಲ್ಲಿ ಕೆಲವೇ ನೂರಕ್ಕೆ ಇಳಿದು, ಕಟ್ಟಿದ ಕೂಲಿಯೂ ಗಿಟ್ಟದ್ದುಂಟು. ಆ ಹುಡುಗಿಯನ್ನು ಹೊರಗೆ ನಿಲ್ಲಿಸಿದ ವಾರ ಯಾವ ಬೆಲೆಯಿತ್ತೋ ನಾನು ಕೇಳಲಿಲ್ಲ. ಅವಳ ಮಗ ಇದೇ ಶಾಲೆಯಲ್ಲಿ ಕಲಿತು, ನಾನು ನಿವೃತ್ತನಾಗುವ ವರ್ಷ ಹತ್ತನೆಯ ತರಗತಿ ತೇರ್ಗಡೆಯಾದ. ಫಲಿತಾಂಶದ ದಿನ ಅವಳೂ ಬಂದಿದ್ದಳು, ಕೈಯಲ್ಲಿ ಒಂದು ಚೆಂಡು ಹೂ ಇತ್ತು.

ಮುಂಬಯಿ, ಮಂಗಳೂರುಗಳ ಮಹಡಿ ಮನೆಗಳಲ್ಲಿರುವ ಹಳೆ ವಿದ್ಯಾರ್ಥಿಗಳು ಹದಿನಾಲ್ಕು ಇಂಚಿನ ಕುಂಡದಲ್ಲಿಯೂ ಮಲ್ಲಿಗೆಯನ್ನು ಬೆಳೆಸಬಹುದು. ಅಡಿಯ ತೂತಿಗೆ ಹಂಚಿನ ಚೂರು, ಅದರ ಮೇಲೆ ತೆಂಗಿನ ಸಿಪ್ಪೆ, ಆಮೇಲೆ ಮಣ್ಣು. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಾಯಿಸಬೇಕು. ಗೆಲ್ಲು ಬೇಕಾದವರು ಜೂನ್ ಕಳೆದು ಮಳೆ ಹದವಾದ ಮೇಲೆ ನಮ್ಮ ಮನೆಗೆ ಬರಬಹುದು. ಬರುವಾಗ ಒಂದು ಹಸಿ ಬಾಳೆ ಎಲೆ ತಂದರೆ ಸಾಕು.